ಮೊಳೆಯ ಹರಕೆ

ನವದೀಕ್ಷಾ ಗೃಹ, ಪಂಪಂಗಾ
ಪವಿತ್ರ ಗುರುವಾರ, ಬೆಳಿಗ್ಗೆ (ಆಳಿನ ಕೈಯಲ್ಲಿ)

ಪ್ರೀತಿಯ ಬೆನಿಲ್ದಾ,

ನಿಮ್ಮ ಅಂಗಳದ ಚಪ್ಪರದಡಿ ಕುಳಿತು ಪ್ರಭುವಿನ ಪಾಡುಗಳನ್ನು ರಾಗವಾಗಿ ಓದುತ್ತಿರುವ ಎಲ್ಲರಿಗೂ ಮೊದಲು ನನ್ನ ವಂದನೆ ತಿಳಿಸು. ಗಂಟಲು ಕಟ್ಟಿದರೂ ಸರದಿ ಬಿಡದ ಹಿರಿಯರಿಗೆ, ಸೋಮವಾರ ನಾನು ಬಂದಾಗ ಓದು ನಿಲ್ಲಿಸದೆ ಕಣ್ಣಿನಲ್ಲೇ ಕುರ್ಚಿ ತೋರಿಸಿದ ಅಜ್ಜಿಯರಿಗೆ ನನ್ನ ಕೃತಜ್ಞತೆ. ಇಷ್ಟನ್ನು ಗಟ್ಟಿಯಾಗಿ ಓದು. ಮುಂದಿನದು ನಿನಗೊಬ್ಬಳಿಗೇ.

ನವದೀಕ್ಷೆಯ ನಡುವೆ ರಜೆ ಪಡೆದು ಮನೆಗೆ ಹೋಗಿರುವ ನಿನ್ನ ಪತ್ರ ನಿನ್ನೆ ತಲುಪಿತು. ಅಪ್ಪನನ್ನು ಹೇಗಾದರೂ ತಡೆಯಿರಿ ಎಂದು ಬರೆದಿದ್ದೀಯೆ. ತಡೆಯಲಾಗದಿದ್ದರೆ ನಾಳೆ ಅವರ ಬದಲು ನೀನೇ ಶಿಲುಬೆಯ ಮೇಲೆ ಮಲಗುವೆ, ತಂದೆಯ ಕಾಲು ಸೋತಾಗ ಹರಕೆ ಮಕ್ಕಳಿಗೆ ಬರುವುದು ನಿಮ್ಮೂರಿನ ಪದ್ಧತಿ ಎಂದೂ ಬರೆದಿದ್ದೀಯೆ. ಅದರ ಕೆಳಗಿನ ಸಾಲಿಗೆ ಬಂದು ನಾನು ನಿಂತುಬಿಟ್ಟೆ: "ನಾನು ಜ್ವರದಿಂದ ಉಳಿದದ್ದಕ್ಕೆ ಅಪ್ಪ ಪ್ರತಿ ಶುಭ ಶುಕ್ರವಾರ ಕೈಕಾಲಿಗೆ ಮೊಳೆ ಹೊಡೆಸಿಕೊಳ್ಳುತ್ತಾರೆ. ಅದನ್ನು ನೋಡುತ್ತಲೇ ಬೆಳೆದವಳು ಕನ್ಯಾಸ್ತ್ರೀಯಾಗದೆ ಇನ್ನೇನಾಗಲಿ?"

ಮಗಳೇ, ನಾನು ಪ್ರಯತ್ನಿಸಲಿಲ್ಲವೆಂದು ತಿಳಿಯಬೇಡ. ಸೋಮವಾರ ನೀನು ಒಳಗೆ ಓದುಗರಿಗೆ ಕಾಫಿ ಕೊಡುತ್ತಿದ್ದಾಗ ನಾನು ಹಿತ್ತಲಿನ ಬಾತುಕೋಳಿಗಳ ಬೇಲಿಯ ಬಳಿ ನಿನ್ನ ತಂದೆಯೊಡನೆ ಕುಳಿತಿದ್ದೆ. ಅವರು ಹುಣ್ಣಾದ ಪಾದವನ್ನು ಮಣೆಯ ಮೇಲಿಟ್ಟಿದ್ದರು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಮೊಳೆ ಇಳಿದರೆ ಆ ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರ್ ಹೇಳಿದ್ದನ್ನು ಮತ್ತೆ ಹೇಳಿದೆ.

"ಹೇಳ್ತಾರೆ ಸಿಸ್ಟರ್, ಡಾಕ್ಟರ ಕಾಲು ಡಾಕ್ಟರ ಹತ್ರಾನೇ ಇದೆಯಲ್ಲ," ಎಂದರು.

ಉಪ್ಪುಮೊಟ್ಟೆ ಮಾಡಲು ಬಾತುಮೊಟ್ಟೆಗೆ ಉಪ್ಪುಮಣ್ಣು ಮೆತ್ತುತ್ತಿದ್ದ ನಿನ್ನ ಅತ್ತೆ ಪಾಸಿಂಗ್ ಅಲ್ಲಿಂದಲೇ ಕೂಗಿದರು: "ನೀವ್ಯಾಕೆ ಬಾಯಿ ನೋಯಿಸ್ಕೋತೀರಿ ಸಿಸ್ಟರ್? ಇವನ ತಲೆಗೆ ಹೊಡೆದ್ರೆ ಮೊಳೆಯೇ ಸೊಟ್ಟಗಾಗುತ್ತೆ. ಅದಕ್ಕೇ ಕಾಲಿಗೆ ಹೊಡೆಯೋದು!"

ನಿನ್ನ ತಂದೆ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಬಿಡಲಿಲ್ಲ. ಮಗಳು ಇಡೀ ಬಾಳನ್ನೇ ದೇವರಿಗೆ ಕೊಡಲು ಹೊರಟಿದ್ದಾಳೆ, ನಿಮ್ಮ ಹರಕೆಗೆ ಅದು ಸಾಲದೇ ಎಂದು ಕೇಳಿದೆ.

"ಅವಳದ್ದು ಅವಳದ್ದು, ನಂದು ನಂದು. ನಾನು ಬಾತುಕೋಳಿ ಕೊಡ್ತೀನಿ ಅಂದು ಪಕ್ಕದ ಮನೆ ಕೋಳಿ ತಗೊಂಡ್ಹೋದ್ರೆ ದೇವರು ಬಾಗಿಲು ತೆಗೀತಾನಾ?"

ಹೊರಡುವಾಗ ಚರ್ಚಿನ ಗುರುಮನೆಗೂ ಹೋದೆ. ಧರ್ಮಸಭೆ ಈ ಮೊಳೆಗಳನ್ನು ಕೇಳುವುದಿಲ್ಲ ಎಂದು ನಿಮ್ಮ ಸ್ವಾಮಿಗಳು ಪೀಠದಿಂದ ಸಾರುತ್ತಲೇ ಬಂದಿದ್ದಾರೆ. "ನನ್ನ ಮಾತಿಗೆ ಎಲ್ಲರೂ ಆಮೆನ್ ಅಂತಾರೆ ಸಿಸ್ಟರ್. ಆಮೇಲೆ ಮನೆಗೆ ಹೋಗಿ ಮೊಳೆಗಳನ್ನ ಸ್ಪಿರಿಟ್‌ನಲ್ಲಿ ನೆನೆಹಾಕ್ತಾರೆ," ಎಂದು ಅವರು ಕೈ ಚೆಲ್ಲಿದರು. ನಾನೂ ಬರಿಗೈಯಲ್ಲೇ ಮರಳಿದೆ.

ಪ್ರಭುವಿನ ತಾಯಿ ಶಿಲುಬೆಯ ಬಳಿ ನಿಂತಿದ್ದಳು ಎಂದು ನವದೀಕ್ಷಿತೆಯರಿಗೆ ಪಾಠ ಹೇಳುವಾಗ ನಾನು ಆ 'ನಿಂತಿದ್ದಳು' ಎಂಬುದನ್ನು ಎಷ್ಟು ಸುಲಭವಾಗಿ ದಾಟಿಬಿಡುತ್ತಿದ್ದೆ! ಮೊಳೆ ಕೀಳುವುದು ಅವಳಿಂದ ಆಗಲಿಲ್ಲ. ಮಗನ ಜಾಗದಲ್ಲಿ ತಾನು ಮಲಗುತ್ತೇನೆಂದರೆ ಯಾರೂ ಬಿಡುತ್ತಿರಲಿಲ್ಲ. ಬಿಟ್ಟಿದ್ದರೆ ಅದೇ ಅವಳಿಗೆ ಹಗುರವಾಗುತ್ತಿತ್ತೋ ಏನೋ. ಮಾಡಲು ಏನೂ ಉಳಿಯದಿದ್ದಾಗಲೂ ಅವಳು ಅಲ್ಲಿಂದ ಸರಿಯಲಿಲ್ಲ. ಅವಳ ಪ್ರೀತಿಗೆ ಅಂದು ಸಾಧ್ಯವಾದದ್ದು ಅಷ್ಟೇ. ಶಿಲುಬೆಯ ಮೇಲಿದ್ದವನ ಪ್ರೀತಿಯೂ ಅದೇ ಬಗೆಯದು, ಬೆನಿಲ್ದಾ. ಅವನು ನೋವಿನಿಂದ ಯಾರ ಬಾಕಿಯನ್ನೋ ತೀರಿಸಿದ ಎಂದು ಲೆಕ್ಕ ಹಾಕುವವರಿದ್ದಾರೆ. ಅವನು ನಮ್ಮನ್ನು ಬಿಟ್ಟು ಇಳಿದು ಹೋಗಲಿಲ್ಲ ಎಂದಷ್ಟೇ ಹೇಳಲು ನನಗೆ ಧೈರ್ಯವಿದೆ.

ಆದ್ದರಿಂದ ನಾಳೆ ನೀನು ಶಿಲುಬೆ ಏರಕೂಡದು. ಇನ್ನೊಂದು ಮಾತು ನಿನಗೆ ನೋವು ತರುತ್ತದೆ: ಕನ್ಯಾಸ್ತ್ರೀಯ ಪ್ರಥಮ ವ್ರತಕ್ಕೆ ನೀನು ಸಲ್ಲಿಸಿದ ಬಿನ್ನಹಕ್ಕೆ ನಾನು ಸಹಿ ಹಾಕಿಲ್ಲ. ಋಣ ತೀರಿಸಲೆಂದು ಮಠಕ್ಕೆ ಬಂದವಳು ಅದು ತೀರಿತೆನಿಸಿದ ದಿನ ಎದ್ದು ಹೋಗುತ್ತಾಳೆ; ತೀರದೆ ಹೋದರೆ ದೇವರನ್ನೇ ದ್ವೇಷಿಸತೊಡಗುತ್ತಾಳೆ. ನೀನು ಮರಳಿ ಬಂದು, ಬೇರೆ ಮನಸ್ಸಿನಿಂದ, ಮತ್ತೊಮ್ಮೆ ಕೇಳುವೆ ಎಂಬ ಹಟದ ಆಸೆ ನನಗಿದೆ. ಬಾರದಿದ್ದರೂ ನೀನು ನನ್ನ ಮಗಳೇ.

ನಿನ್ನ ತಂದೆ ಹೋಗಿಯೇ ಹೋಗುತ್ತಾರೆ. ಅವರಿಗೆ ನಿನ್ನ ಮುಖ ಕಾಣುವ ಕಡೆ ನಿಂತುಕೋ. ಆರೋಗ್ಯ ಕೇಂದ್ರದ ಡಾಕ್ಟರ್ ಶಿಲುಬೆ ನಿಲ್ಲಿಸುವ ದಿಬ್ಬದ ಬುಡದಲ್ಲಿ ಕಾದಿರಲು ಒಪ್ಪಿದ್ದಾರೆ. ತಂದೆಯನ್ನು ಶಿಲುಬೆಯಿಂದ ಇಳಿಸಿದ ಕೂಡಲೇ ಆಸ್ಪತ್ರೆಗೆ ಒಯ್ಯಲು ಗಾಡಿಯೊಂದನ್ನು ಗೊತ್ತುಮಾಡು. ಹಳೆಯ ಬಿಳಿ ಬಟ್ಟೆ ಕುದಿಸಿ ಬಿಸಿಲಿಗೆ ಹಾಕು, ಗಾಯ ತೊಳೆಯಲು ಸೀಬೆ ಎಲೆಯ ನೀರು ಕಾಯಿಸಿ ಸೋಸಿಡು. ಕಾಗದ ಮಡಿಸಿ ಏಳು, ಈಗಲೇ ತೊಡಗು.

ನಿನ್ನ ಒಳಿತನ್ನೇ ಬೇಡುವ,
ಸಿಸ್ಟರ್ ಪೆರ್ಪೆತುವಾ

ತಾ.ಕ.: ಇದನ್ನು ಬರೆಯಲು ಸೋಮವಾರವೇ ನಿನ್ನ ತಂದೆಯ ಒಪ್ಪಿಗೆ ಪಡೆದಿದ್ದೇನೆ. "ನನ್ನ ಬಾಯಲ್ಲಿ ಬರಲ್ಲ, ನೀವೇ ಬರೀರಿ," ಎಂದರು. ಅದೇ ಜ್ವರ ಅದೇ ವಾರ ನಿನ್ನ ತಮ್ಮ ಸಿಲ್ವಿನೊನನ್ನು ಒಯ್ದದ್ದು ನಿನಗೆ ಗೊತ್ತು. ಹರಕೆ ಹೊತ್ತದ್ದು ಅವನಿಗಾಗಿ. "ಹುಡುಗಿ ಉಳಿಯಲ್ಲ, ಹುಡುಗ ಉಳಿದ್ರೂ ಉಳೀಬಹುದು ಅಂದ್ರು. ನಾನು ಹುಡುಗನ್ನ ಕೇಳ್ಕೊಂಡೆ, ಸಿಸ್ಟರ್. ಅವನು ಹೋದ. ಇವಳನ್ನ ನಾನು ಕೇಳಲೇ ಇಲ್ಲ. ಬೆಳಿಗ್ಗೆ ಕಣ್ಣು ಬಿಟ್ಟು ಗಂಜಿ ಬೇಕು ಅಂದ್ಳು."

ದೇವರು ನಡೆಸಿಕೊಡದ ಹರಕೆಯನ್ನು ನೀವೇಕೆ ನಡೆಸುತ್ತೀರಿ ಎಂದು ಕೇಳಿದೆ. ಪಾದವನ್ನು ಮಣೆಯಿಂದ ಇಳಿಸಿಕೊಂಡರು. "ಮಗ ಸಾಯೋದನ್ನ ಏನೂ ಮಾಡದೆ ನೋಡ್ತಾ ಇದ್ದೋನು ಮೇಲೂ ಒಬ್ಬ ಇದ್ದಾನಲ್ಲ," ಎಂದರು. "ವರ್ಷಕ್ಕೊಂದ್ಸಲ ಹೋಗಿ ಅವನ ಜೊತೆ ಒಂಚೂರು ಇದ್ದು ಬರ್ತೀನಿ."

ನಿನಗಾಗಿ ಯಾರೂ ಏನನ್ನೂ ತೆತ್ತಿಲ್ಲ, ಬೆನಿಲ್ದಾ. ನೀನು ಕೇಳದೆಯೇ ಸಿಕ್ಕವಳು.