ಬಲಗೈಯ ಕೈಗವಸು

ತಿಕೋಟಾ
ಶುಕ್ರವಾರ, ೨ ಆಗಸ್ಟ್ ೨೦೨೪

ಬಬಲೇಶ್ವರದ ತವರುಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುವ ನನ್ನ ಸಮ್ರೀನಳಿಗೆ, ಮಾಸುಮಬಿ ಖಾಲಾಳ ಸಲಾಮು, ಅದರ ಹಿಂದೆಯೇ ಒಂದು ಮುತ್ತು.

ತಿಕೋಟಾದ ನಂಬರ್ ಕಂಡರೆ ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ನಿನ್ನ ಅವ್ವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ, ನನಗೆ ಗೊತ್ತು. ಅದಕ್ಕೇ ಕಾಗದ. ಒಬ್ಬಳೇ ಓದು.

ಔಷಧ ಕಂಪನಿಯವರ ಮುಂದೆ ನಿನ್ನ ಗಂಡ ಅಶ್ಫಾಕ ಆಡಿದ ಮಾತಿಗೆ ನೀನು ಮನೆ ಬಿಟ್ಟು ಹೋದೆ. ತಪ್ಪು ಅವನದೇ. ತಿರುಗಿ ಬಾ ಅಂತ ನಾನು ಕರೆಯುವುದಕ್ಕೆ ಮೊದಲು ಅವನ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ತಿಳಿಯಬೇಕಲ್ಲ? ಅವನು ನನ್ನ ತಂಗಿಯ ಮಗನಾದರೂ, ತಾಯಿ ಇಲ್ಲದವನನ್ನು ಬೆಳೆಸಿದವಳು ನಾನು. ಅವನ ಯಾವ ಕೆಮ್ಮು ನಿಜ, ಯಾವುದು ನಾಟಕ ಅಂತ ಗೋಡೆಯ ಆಚೆಯಿಂದ ಹೇಳಬಲ್ಲೆ. ಈಗೊಂದು ತಿಂಗಳಿಂದ ಬರೀ ನಾಟಕದ ಕೆಮ್ಮು.

ದ್ರಾಕ್ಷಿ ತೋಟದ ಔಷಧ ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿ ಪರದೇಶಕ್ಕೆ ಕರೆದೊಯ್ಯುತ್ತದಲ್ಲ, ಈ ಸಲ ಅವನ ಹೆಸರು ಬಂದಿದೆ. ಪೋರ್ಚುಗಲ್ ಅಂತೆ, ಸಮುದ್ರದ ದಂಡೆಯಂತೆ, ಬಿಸಿಲು ಬಹಳ ಚಂದವಂತೆ. ಬಿಸಿಲು ನೋಡಲು ತಿಕೋಟಾದವನು ವಿಮಾನ ಹತ್ತಬೇಕೇ? ಅಲ್ಲಿ ಗಾಲ್ಫ್ ಆಡಿಸುತ್ತಾರಂತೆ. ಸೆಪ್ಟೆಂಬರಿನಲ್ಲಿ ಹೋಗಿ, ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಹೊತ್ತಿಗೆ ತಿರುಗಿ ಬರುವುದಂತೆ. ಆ ಖರ್ಚನ್ನೆಲ್ಲ ಯಾವ ರೈತನ ಬಾಟಲಿಯ ಮೇಲೆ ಹಾಕುತ್ತಾರೋ, ಅದೂ ಒಂದು ಸಂಶಯ ನನಗೆ.

ನಮ್ಮ ಅಂಗಡಿಯ ಹಳೆಯ ಗಿರಾಕಿ, ಹೊನವಾಡದ ಖಂಡಪ್ಪ ಒಂದು ದಿನ ಓಡಿಬಂದ. "ಯವ್ವಾ, ನಿಮ್ಮ ಸಾವಕಾರ್ರು ಗೋದಾಮದ ಹಿಂದ ಕೋಲು ತಗೊಂಡು ನೆಲಾ ಬಡ್ಯಾಕತ್ತಾರ. ಹಾವ ಬಂದೈತೇನ ನೋಡ್ರಿ," ಅಂದ. ಹೋಗಿ ನೋಡಿದರೆ ಹಾವೂ ಇಲ್ಲ, ಚೇಳೂ ಇಲ್ಲ. ಮೊಬೈಲನ್ನು ಔಷಧದ ಡಬ್ಬಿಗೆ ಒರಗಿಸಿ, ಅದರೊಳಗೆ ಯಾರೋ ಹೇಳಿಕೊಟ್ಟ ಹಾಗೆ ಸೊಂಟ ತಿರುಗಿಸುತ್ತಿದ್ದಾನೆ. ಕೋಲು ಬೀಸಿದ. ಚೆಂಡು ಇದ್ದಲ್ಲೇ ಉಳಿಯಿತು, ಮಣ್ಣು ಹಾರಿ ಖಂಡಪ್ಪನ ತಲೆಗೆ ಸುತ್ತಿದ ಪಟಗಾದ ಮೇಲೆ ಬಿತ್ತು. "ಸಾವಕಾರ್ರ, ಹಿಂಗ ಹೊಡದ್ರ ಅಲ್ಲಿ ಸಮುದ್ರ ಮುಚ್ಚಿ ಬರ್ತೀರಿ ನೋಡ್ರಿ," ಅಂತ ಅವನು ಪಟಗಾ ಝಾಡಿಸಿಕೊಂಡ.

ನಾನೂ ನಕ್ಕೆ. ಆದರೆ ಅದೇ ಸಂಜೆ ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತ ಕೂತಾಗ ಅವನು ಫೋನಿನಲ್ಲಿ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಹೌದ್ರಿ ಮೇಡಮ್, ಇಬ್ಬರು. ಒಂದ ರೂಮ್ ಸಾಕ್ರಿ." ಹೆಂಡತಿ ಬಬಲೇಶ್ವರದಲ್ಲಿದ್ದಾಳೆ, ಆ ಎರಡನೆಯವರು ಯಾರು? ಅಕ್ಕಿಯಲ್ಲಿ ಎಷ್ಟು ಕಲ್ಲು ಬಿಟ್ಟೆನೋ, ಉಣ್ಣುವಾಗ ಇಬ್ಬರ ಹಲ್ಲೂ ಕಟಕಟ ಅಂದವು.

ಮರುದಿನ ಅವನ ಚೀಲ ಬಿಚ್ಚಿದೆ. ಹೌದು, ಬಿಚ್ಚಿದೆ. ಒಳಗೆ ಎರಡು ಬಿಳಿ ಕೈಗವಸು. ಒಂದು ಗಂಡಸಿನ ಅಳತೆಯದು, ಒಂದು ಹೆಣ್ಣಿನದು. ಎರಡಕ್ಕೂ ಜೋಡಿಯಿಲ್ಲ. ಇವನದೊಂದು ಅವಳ ಹತ್ತಿರ, ಅವಳದೊಂದು ಇವನ ಹತ್ತಿರ, ಸಿನಿಮಾದವರ ಹಾಗೆ ಗುರುತು ಬದಲಿಸಿಕೊಂಡಿದ್ದಾರೆ ಅಂದುಕೊಂಡೆ.

ಅವನು ಊಟಕ್ಕೆ ಕೂತಾಗ ಎರಡನ್ನೂ ತಾಟಿನ ಪಕ್ಕ ಇಟ್ಟೆ. "ಇದರ ಜೋಡಿ ಯಾವಾಕಿ ಕೈಯಾಗ ಐತಿ, ಹೇಳಲೇ," ಅಂದೆ. ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. "ಖಾಲಾ, ಈ ಆಟದಾಗ ಗ್ಲೌಸ್ ಒಂದ ಕೈಗೆ ಹಾಕ್ಕೋತಾರ. ಬಲಗೈಲೆ ಹೊಡ್ಯಾವ್ರು ಎಡಗೈಗೆ ಹಾಕ್ಕೋತಾರ. ಜೋಡಿ ಎಲ್ಲಿಂದ ತರ್ಲಿ?"

ಸುಳ್ಳಿಗೂ ಒಂದು ಮಿತಿ ಬೇಡವೇ ಅಂತ ಒಳಗೆ ಒಯ್ದು ನಾನೇ ಹಾಕಿಕೊಂಡು ನೋಡಿದೆ. ದೊಡ್ಡದು ಎಡಗೈಯದೇ, ಅವನು ಹೇಳಿದ ಹಾಗೆ. ಚಿಕ್ಕದು ಮಾತ್ರ ಎಡಗೈಗೆ ಹೋಗಲೊಲ್ಲದು, ಹೆಬ್ಬೆರಳು ತಪ್ಪು ಕಡೆಗೆ ಬರುತ್ತದೆ. ಅದು ಬಲಗೈಯದು. ಅಂದರೆ ಅದನ್ನು ಹಾಕಿಕೊಳ್ಳುವವಳು ಎಡಗೈಯಿಂದ ಹೊಡೆಯುವವಳು.

ಸಮ್ರೀನ, ಈ ಮನೆಯಲ್ಲಿ ಎಡಗೈಯವಳು ಯಾರು?

ಕಂಪನಿಯ ಸಾಹೇಬರಿಗೆ ನೀನು ಎಡಗೈಯಿಂದ ಚಹಾ ಕೊಟ್ಟಾಗ, "ನಮ್ಮಾಕಿದು ಕೈನೂ ಉಲ್ಟಾ, ತಲಿನೂ ಉಲ್ಟಾ ರೀ," ಅಂತ ಅವರನ್ನು ನಗಿಸಿದವನು ಇವನೇ. ಈಗ ಆ ಉಲ್ಟಾ ಕೈಯ ಅಳತೆ ನೆನೆದು ಕೈಗವಸು ತರಿಸಿದ್ದಾನೆ. ಆ ಕೈಗೆ ಹೊಂದುವ ಕೋಲೇ ಬೇರೆಯಂತೆ, ಅದನ್ನೂ ತರಿಸಿದ್ದಾನೆ. ಕೇಳಿದರೆ ತಲೆ ತಗ್ಗಿಸಿ, "ಆಕಿ ಯಾಕ ಬಲಗೈಲೆ ಕಲೀಬೇಕು ಖಾಲಾ," ಅಂದ, ಅಷ್ಟೇ.

ಕರಗಬೇಡ. ನಾನೂ ಕರಗಲಿಲ್ಲ. ಕಂಪನಿಯ ಸಿದ್ದರಾಯ ಅಂಗಡಿಗೆ ಬಂದಾಗ ಕೂಡಿಸಿ, ಉಪ್ಪಿಟ್ಟು ಹಾಕಿ ಬಾಯಿ ಬಿಡಿಸಿದೆ. "ಮನಿಯವರನ್ನ ಕರ್ಕೊಂಡ ಬರಬೇಕ್ರಿ ಅಮ್ಮಾ. ಒಬ್ಬರ ಬಂದ್ರ ನಡ್ಯಾಂಗಿಲ್ಲ," ಅಂದ. ಕೇಳಿದೆಯಾ? ನೀನಿಲ್ಲದೆ ಇವನಿಗೆ ವಿಮಾನವೂ ಇಲ್ಲ. ಹಾಗಾದರೆ ಇವನಿಗೆ ಬೇಕಾಗಿರುವುದು ನೀನೋ, ಪೋರ್ಚುಗಲ್ಲೋ? ಕೈಗವಸು ಅದನ್ನು ಹೇಳುವುದಿಲ್ಲ.

ಇವತ್ತು ಮಧ್ಯಾಹ್ನ ನಾನು ಅದನ್ನೂ ಒರೆಗೆ ಹಚ್ಚಿದ್ದೇನೆ. ಹೇಗೆ ಅಂತ ಬರೆಯಲು ನಾಚಿಕೆ. ಏನೇ ಆಗಲಿ, ನನ್ನ ಮಾತಿಗೆ ಕಟ್ಟುಬಿದ್ದು ಬರಬೇಡ, ನನ್ನ ಮಾತಿಗಾಗಿ ಅಲ್ಲೇ ಉಳಿಯಲೂ ಬೇಡ.

ಇನ್ನೊಂದು. ಬಳೆ ಮಾರುವ ಆಶಾಬಿ ಬಬಲೇಶ್ವರದಿಂದ ಬಂದವಳೇ, "ಅಶ್ಫಾಕ ಹೊತ್ತಿಗೆ ಸರಿಯಾಗಿ ಉಣ್ಣತಾನೇನ್ರಿ," ಅಂತ ಕೇಳಿದಳು. ಆಶಾಬಿಗೆ ಅವನ ಊಟದ ಕಾಳಜಿ ಎಲ್ಲಿಂದ ಹತ್ತಿತು, ನೀನೇ ಹೇಳು.

ನಿನ್ನ ಮೇಲೂ ಒಂದು ಕಣ್ಣಿಟ್ಟಿರುವ, ನಿನ್ನವಳೇ ಆದ
ಮಾಸುಮಬಿ ಖಾಲಾ

ತಾ.ಕ.: ಬರೆಯದೆ ಇರಲಾಗಲಿಲ್ಲ. ಒರೆಗೆ ಹಚ್ಚಿದ್ದು ಹೀಗೆ: ಖಂಡಿತ ಬರುವುದಿಲ್ಲ ಅಂತ ನೀನು ಹೇಳಿಕಳಿಸಿದ್ದೀಯ ಅಂತ ಅವನಿಗೆ ಸುಳ್ಳು ಹೇಳಿದೆ. ಅವನು ನನ್ನೆದುರಿಗೇ ಸಿದ್ದರಾಯನಿಗೆ ಫೋನು ಮಾಡಿ ತನ್ನ ಹೆಸರು ತೆಗೆಸಿಬಿಟ್ಟ. ಪೋರ್ಚುಗಲ್ ಮುಗಿಯಿತು. ಈ ಕಾಗದವನ್ನು ಅಂಚೆಗೆ ಹಾಕು ಅಂದರೆ, "ನಾನ ಒಯ್ದು ಕೊಡ್ತೀನಿ," ಅಂತ ಬೈಕು ಚಾಲೂ ಮಾಡಿಕೊಂಡು ನಿಂತಿದ್ದಾನೆ. ಒಳಗೆ ಏನು ಬರೆದಿದ್ದೇನೆ ಅಂತ ಅವನಿಗೆ ಗೊತ್ತಿಲ್ಲ. ನೀನು ಇದನ್ನು ಓದುವಾಗ ನಿಮ್ಮ ಬಾಗಿಲ ಹೊರಗೇ ಇರುತ್ತಾನೆ. ನಿಲ್ಲಲಿ. ಅವಸರವೇನಿಲ್ಲ, ಬೇಕಾದರೆ ಎರಡು ಸಲ ಓದು.