ಎಮ್ಮೆಯ ಎಡಗಿವಿ

ಅಪ್ಪಾ,

ನೀವೀಗ ಇರುವಲ್ಲಿಗೆ ಅಂಚೆಯಿಲ್ಲ, ಆದರೂ ವರದಿ ಒಪ್ಪಿಸುತ್ತೇನೆ.

ನೀವು ಹದ ಮಾಡಿ ಅಟ್ಟದಲ್ಲಿ ಸುತ್ತಿಟ್ಟಿದ್ದ ನಮ್ಮ ಎಮ್ಮೆಯ ಚರ್ಮದಿಂದ ಶಿಲ್ಪ ಮಾಡಿದೆ: ಮಲಗಿದ ಎಮ್ಮೆ, ಅದರ ಹೊಟ್ಟೆಗೊರಗಿದ, ಅದೇ ಚರ್ಮದ ಮನುಷ್ಯ. ಎಮ್ಮೆಯನ್ನು ಸಾಕಿದ ಅಮ್ಮನನ್ನು ಕೇಳಿರಲಿಲ್ಲ. ಇವತ್ತು ಅವಳು ಪ್ರದರ್ಶನಕ್ಕೆ ಬಂದಾಗ, ನನ್ನ ಚರ್ಮ ಸುಲಿಯುತ್ತಾಳೆಂದು ಕಂಬದ ಹಿಂದೆ ನಿಂತೆ.

‘ಮುಟ್ಟಬೇಡಿ’ ಫಲಕಕ್ಕೆ ಚೀಲ ನೇತುಹಾಕಿ, ಎಮ್ಮೆಯ ಕಿವಿ ತುರಿಸಿ, ಕಂಬದ ಕಡೆ ತಿರುಗಿದಳು.

“ಏನೋ ಇದು? ಹರಿದ ಕಿವಿ ಎಡಗಡೇದು. ಬಲಗಡೆ ಹೊಲಿದಿದ್ದೀಯಲ್ಲೋ! ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡೋರು.”

“ಬಿಚ್ಚಿ ಹೊಲೀತೀನಮ್ಮ.”

“ನೀನು ಹೊಲಿದಿದ್ದು ಸಾಕು. ಸೂಜಿ ಕೊಡು.”

ಅಬ್ಬಾ, ಬದುಕಿದೆ!

ಅವಳು ಹೊಲಿಯುವಾಗ ಕಿವಿ ಹಿಡಿದುಕೊಂಡಿದ್ದ ಕೈಯನ್ನು ಮನೆಗೆ ಬಂದು ಮೂಸಿದೆ. ಊಟಕ್ಕೆ ಕೂತಾಗ ನಾನು ನಿಮ್ಮಿಂದ ದೂರ ಸರಿಯುತ್ತಿದ್ದೆನಲ್ಲ, ಅದೇ ವಾಸನೆ. ಇವತ್ತು ಸೋಪು ಹಾಕಲಿಲ್ಲ.