ಉಳಿದ ಅರ್ಧ ಡಬ್ಬಿ ಬಣ್ಣ

ಪಾಲಬಾವಿ
೨೪-೨-೧೯೯೨

ಮಂಗಲಳ ಅಪ್ಪನವರಿಗೆ ಅಕ್ಕುತಾಯಿಯ ಜಯ ಜಿನೇಂದ್ರ.

ನಿಮ್ಮ ಕಾರ್ಡು ಶನಿವಾರ ಬಂತು. ಅಂಚೆಯವನು ಅದನ್ನು ದಾರಿಯಲ್ಲೇ ಓದಿಕೊಂಡು ಬಂದಿದ್ದ. ಕೈಗೆ ಕೊಡುವ ಮೊದಲೇ, "ಅಕ್ಕಾರ, ಮಾಮಾರ ಗಾಡಿಗೆ ಟ್ರಾಲಿ ಬಡದೈತಂತ. ಬಣ್ಣದ ಅಳತಿ ಕೇಳ್ಯಾರ ನೋಡ್ರಿ" ಎಂದ. ನೀವು ಬರೆದದ್ದು ಒಟ್ಟು ಐದು ಸಾಲು. ಎರಡು ತಿಂಗಳಿಗೆ ಐದು ಸಾಲು, ಅದರಲ್ಲಿ ನಾಲ್ಕು ಗಾಡಿಯದು. ಕಬ್ಬಿನ ಟ್ರಾಲಿ ತಾಗಿ ಎಡಗಡೆಯ ಮಡ್‌ಗಾರ್ಡು ಒಳಗೆ ಹೋಗಿದೆ, ಮಿಸ್ತ್ರಿ ಮಲಕಾರಿ ಬಡಿದು ಸರಿಮಾಡಿದ್ದಾನೆ, ಕೊಲ್ಲಾಪುರದ ಅಂಗಡಿಯವನು ಮೂರು ಸಲ ಕಲಸಿ ಕೊಟ್ಟರೂ ಬಣ್ಣ ಕೂಡುತ್ತಿಲ್ಲ, ನೀನು ಬಣ್ಣ ಕಲಸಿದ ಅಳತೆ ಬರೆದು ಕಳಿಸು ಎಂದು. ಐದನೆಯ ಸಾಲಿನಲ್ಲಿ ಮಂಗಲ ಹೇಗಿದ್ದಾಳೆ ಎಂದು ಕೇಳಿದ್ದೀರಿ. ಚೆನ್ನಾಗಿದ್ದಾಳೆ. ರಾಯಬಾಗದ ಡಾಕ್ಟರಮ್ಮ ಇನ್ನು ಇಪ್ಪತ್ತೈದು ದಿನ ಎಂದಿದ್ದಾರೆ. ನಾನು ಹೇಗಿದ್ದೇನೆ ಎಂದು ನೀವು ಕೇಳಿಲ್ಲ, ಆದ್ದರಿಂದ ಅದನ್ನು ಬರೆಯುವುದಿಲ್ಲ.

ಅಳತೆ ನನಗೆ ಚೆನ್ನಾಗಿ ನೆನಪಿದೆ. ಅದರ ಜೊತೆಗೆ ಬೇರೆ ಎಷ್ಟೋ ನೆನಪಿದೆ. ಕಾರ್ಡಿನಲ್ಲಿ ಹಿಡಿಸುವ ಮಾತಲ್ಲವೆಂದು ತಮ್ಮನಿಂದ ಲಕೋಟೆ ತರಿಸಿ ಬರೆಯುತ್ತಿದ್ದೇನೆ.

ಆ ಗಾಡಿಯನ್ನು ನೀವು ಟ್ರಾಕ್ಟರಿಗೆ ಹಗ್ಗ ಕಟ್ಟಿ ಸದಲಗಾಕ್ಕೆ ಎಳೆದು ತಂದ ದಿನ ಊರೆಲ್ಲ ನಕ್ಕಿತ್ತು. ಐವತ್ತೇಳನೆಯ ಇಸವಿಯ ಫಿಯಾಟು, ಗಾಜಿಲ್ಲ, ನೆಲದಲ್ಲಿ ತೂತು. ಅದರ ಹಂದಿಯಂಥ ಮೊಂಡು ಮೂತಿ ನೋಡಿ ಜನ ಅದನ್ನು ಡುಕ್ಕರ್ ಎಂದು ಕರೆದರು. ನಮ್ಮ ತಂಬಾಕಿನ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿ ನೀವು ನನ್ನ ಕಡೆ ನೋಡಿದಿರಿ. "ಅಕ್ಕೂ, ಇದು ನಿನಗಽ ತಂದೀನಿ. ರೆಡಿ ಆತಂದ್ರ ಮೊದಲ ಕುಂಭೋಜದ ಬಸದಿಗೆ ಹೋಗೂಣು, ಮುಂದಿನ ಸೀಟಿನ್ಯಾಗ ನೀ ಕೂಡಾಕಿ" ಎಂದಿರಿ. ಮಂಗಲಳ ಮದುವೆಯಾಗಿ ಅವಳು ಕಾಗವಾಡಕ್ಕೆ ಹೋಗಿ ಎರಡೇ ತಿಂಗಳಾಗಿತ್ತು, ಮನೆ ಬಿಕೋ ಎನ್ನುತ್ತಿತ್ತು. ನಾನು ಆ ಮಾತನ್ನು ಪೂರ್ತಿ ನಂಬಿದೆ.

ಹಳೆಯ ಬಣ್ಣವನ್ನು ಕೆರೆದವಳು ನಾನು. ಚಿಕ್ಕೋಡಿಯಿಂದ ಡೆಂಟಿಂಗ್ ಮಿಸ್ತ್ರಿ ಮಲಕಾರಿ ವಾರಕ್ಕೆ ಎರಡು ದಿನ ಬಂದು ತಗಡು ಬಡಿಯುತ್ತಿದ್ದ, ಉಳಿದ ಐದು ದಿನ ಒರಟು ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಲು ನಾವಿಬ್ಬರೇ. ನನ್ನ ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿದ್ದವು. ಬಾಗಿಲು ಸಪಾಟಾಯಿತೆಂದು ಮಿಸ್ತ್ರಿ ಹೇಳಿದ ಮೇಲೂ ನಾನು ಅಂಗೈ ಮೇಲೆ ಸೆರಗು ಹಾಕಿಕೊಂಡು ಕಣ್ಣು ಮುಚ್ಚಿ ಸವರುತ್ತಿದ್ದೆ. ಬರಿಗೈಗೆ ಗೊತ್ತಾಗದ ತಗ್ಗು ಬಟ್ಟೆಯ ಮೇಲಿಂದ ಗೊತ್ತಾಗುತ್ತದೆ, ಅದನ್ನು ಕಲಿಸಿದವನೂ ಅವನೇ. ದಿನಾ ಇಪ್ಪತ್ತು ರೊಟ್ಟಿ ತಟ್ಟುವ ಕೈ ನನ್ನದು, ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅದಕ್ಕೆ ಗೊತ್ತು. "ಅಕ್ಕಾರ ಕೈಯಾಗ ಕಣ್ಣ ಅದಾವ ನೋಡ್ರಿ" ಎಂದು ಮಲಕಾರಿ ನಗುತ್ತಿದ್ದ. ಇನ್ನೊಂದು ಮಾತನ್ನು ಅವನು ಬಂದಾಗಲೆಲ್ಲ ಹೇಳುತ್ತಿದ್ದ: "ಕೈ ತೊಳಕೊಳ್ಳದ ಊಟಕ್ಕ ಕೂಡಬ್ಯಾಡ್ರಿ. ಈ ಬಣ್ಣ ಹೊಟ್ಟಿಗೆ ಹೋದ್ರ ವಿಷ ಐತ್ರಿ." ನೀವು ನನ್ನ ಕೈಗೆ ಸೀಗೆಪುಡಿ ಹಾಕಿ ನೀರು ಹೊಯ್ಯುತ್ತಿದ್ದಿರಿ. ಅದು ಸುಳ್ಳಾಗಿತ್ತೇ? ಆಗ ನಿಪ್ಪಾಣಿಯ ಸಂಗತಿ ಶುರುವಾಗಿತ್ತೇ, ಇನ್ನೂ ಇರಲಿಲ್ಲವೇ? ಲೆಕ್ಕ ಹಾಕಿ ಹಾಕಿ ನನಗೆ ಸಾಕಾಗಿದೆ.

ಇಗೋ, ನಿಪ್ಪಾಣಿ ಎಂದು ಬರೆದುಬಿಟ್ಟೆ. ಈಗ ನೀವು ಎದ್ದು ಹೋಗಿ ಬಾಗಿಲು ಹಾಕಿಕೊಂಡಿರುತ್ತೀರಿ. ಕುಳಿತು ಮುಂದೆ ಓದಿ.

ಬಣ್ಣದ ಮಾತಿಗೆ ಬರುತ್ತೇನೆ. ಡಿಕ್ಕಿಯ ಮುಚ್ಚಳದ ರಬ್ಬರಿನ ಕೆಳಗೆ ಹೆಬ್ಬೆರಳಗಲ ಮೂಲ ಬಣ್ಣ ಉಳಿದಿತ್ತು. ಹಸಿರೂ ಅಲ್ಲ, ನೀಲಿಯೂ ಅಲ್ಲ, ಮೇಲೆ ಒಂದಿಷ್ಟು ಬೂದಿ ಎರಚಿದ ಹಾಗೆ. ಅಂಗಡಿಯಲ್ಲಿ ಅದು ಸಿಗಲಿಲ್ಲ. ನೀವು ಬಿಳಿಯದೇ ಹೊಡೆಸೋಣವೆಂದಿರಿ, ನಾನು ಹಟ ಹಿಡಿದೆ. ಉಪ್ಪಿನಕಾಯಿಯ ಚಮಚದಿಂದ ಅಳೆದು ಅಳೆದು ಕಲಸಿ, ಡಬ್ಬಿಯ ಮುಚ್ಚಳಗಳ ಮೇಲೆ ಹಚ್ಚಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಹಸಿಯಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಹದಿನಾಲ್ಕನೆಯ ಮುಚ್ಚಳ ಕೂಡಿತು. ನೀವು ಅದನ್ನು ಡಿಕ್ಕಿಗೆ ಹಿಡಿದು ನೋಡಿ, "ಎಲ್ಲಿ ಮುಗಿತೈತಿ, ಎಲ್ಲಿ ಸುರು ಆಗತೈತಿ, ತಿಳಿವಲ್ದಲ್ಲ ಅಕ್ಕೂ" ಎಂದಿರಿ. ಆ ಬಣ್ಣ ಯಾವ ಅಂಗಡಿಯಲ್ಲೂ ಇಲ್ಲ, ಯಾವ ಮನೆಯಲ್ಲೂ ಇಲ್ಲ. ಅದು ನನ್ನೊಬ್ಬಳ ಕೈಯದು.

ಪಂಕ್ಚರ್ ಅಂಗಡಿಯಿಂದ ಕಂಪ್ರೆಸರ್ ತಂದು, ಶೆಡ್ಡಿನ ಸುತ್ತ ನನ್ನ ಹಳೆಯ ಸೀರೆಗಳನ್ನು ಒದ್ದೆಮಾಡಿ ಕಟ್ಟಿ, ಬಣ್ಣ ಹೊಡೆದೆವು. ಹೊತ್ತು ಮುಳುಗುವ ಎರಡು ತಾಸು ಮೊದಲೇ ನೀವು ನಿಲ್ಲಿಸಿಬಿಡುತ್ತಿದ್ದಿರಿ, ದೀಪಕ್ಕೆ ಬಂದ ಹುಳು ಹಸಿ ಬಣ್ಣಕ್ಕೆ ಅಂಟಿ ಸತ್ತರೆ ಆ ಪಾಪ ಹೊರುವವರಾರು ಎಂದು. ಒಂದು ದಿನ ಬಾನೆಟ್ಟಿನ ಮೇಲೆ ಒಂದು ನುಸಿ ಕೂತಿತ್ತು. ನೀವು ಒದ್ದೆ ಬತ್ತಿಯ ತುದಿಯಿಂದ ಅದನ್ನು ಎತ್ತಿ ಹೊರಗೆ ಬಿಟ್ಟಿರಿ. ಬಾನೆಟ್ಟಿನ ಬಣ್ಣ ಕೆಟ್ಟು ಮತ್ತೆ ಮೊದಲಿನಿಂದ ಉಜ್ಜಬೇಕಾಯಿತು. ಮಲಕಾರಿ ತಲೆ ಚಚ್ಚಿಕೊಂಡ. ನನಗೆ ಮಾತ್ರ ಎಂಥ ಗಂಡ ಸಿಕ್ಕ ನನಗೆ ಎಂದು ಎದೆ ತುಂಬಿ ಬಂತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಆ ನುಸಿಗೆ ಸಿಕ್ಕ ದಯೆಯಲ್ಲಿ ನನಗೆ ಒಂದು ಪಾಲು ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ ಅರ್ಧ ಡಬ್ಬಿ ಬಣ್ಣ ಉಳಿಯಿತು. ಮುಂದೆ ಎಲ್ಲಿಯಾದರೂ ಗೀರು ಬಿದ್ದರೆ ಬೇಕಾಗುತ್ತದೆಂದು ಮುಚ್ಚಳ ಬಿಗಿಮಾಡಿ, ಬಟ್ಟೆ ಸುತ್ತಿ ಅಟ್ಟಕ್ಕಿಟ್ಟೆ. ತಿಂಗಳ ಮೇಲೆ ನೋಡಿದರೆ ಡಬ್ಬಿ ಇಲ್ಲ. ಒಣಗಿ ಕಲ್ಲಾಗಿತ್ತು, ಚೆಲ್ಲಿದೆ ಎಂದಿರಿ. ಹೌದೇನೋ ಅಂದುಕೊಂಡೆ. ಅದು ಈಗ ಇದ್ದಿದ್ದರೆ ನೀವು ನನಗೆ ಕಾರ್ಡು ಬರೆಯಬೇಕಾಗಿರಲಿಲ್ಲ, ನೋಡಿ.

ಅದೇ ಅಟ್ಟದ ಮೇಲೆ ಮಂಗಲ ಮಲಗಿದ ತೊಟ್ಟಿಲಿತ್ತು. ಅವಳ ನಾಮಕರಣಕ್ಕೆಂದು ನನ್ನಪ್ಪ ತೇಗದಲ್ಲಿ ಮಾಡಿಸಿ ತೌರಿನಿಂದ ಕಳಿಸಿದ್ದು. ಪಾತ್ರೆಗಳಿಗೆ ಹೆಸರು ಹಾಕಿಸುವಂತೆ ಅದರ ತಲೆಕಡೆಯ ಪಟ್ಟಿಯ ಮೇಲೂ "ಅಕ್ಕುತಾಯಿ, ಪಾಲಬಾವಿ" ಎಂದು ಕೊರೆಸಿದ್ದರು. ಮಂಗಲಳಿಗೆ ಐದು ತಿಂಗಳಾಯಿತು, ತೊಟ್ಟಿಲು ಇಳಿಸಿ ಎಂದು ದೀಪಾವಳಿಯಲ್ಲಿ ಕೇಳಿದೆ. ಗೆದ್ದಲು ಹತ್ತಿತ್ತು ಎಂದಿರಿ. ಒಲೆಗೆ ಹಾಕಿದರೆ ಅಷ್ಟೂ ಜೀವ ಸುಟ್ಟುಹೋಗುತ್ತವೆ, ಅದಕ್ಕೇ ಹೊತ್ತುಕೊಂಡು ಹೋಗಿ ಹೊಳೆದಂಡೆಯ ಬದುವಿನ ಮೇಲೆ ಇಟ್ಟು ಬಂದೆ ಎಂದಿರಿ. ನನಗೆ ಅಳು ಬಂತು, ಆದರೆ ಸಿಟ್ಟು ಬರಲಿಲ್ಲ. ನುಸಿಯನ್ನು ಎತ್ತಿಬಿಟ್ಟವರು ಗೆದ್ದಲನ್ನು ಸುಡುತ್ತಾರೆಯೇ? ಬೇರೆ ಯಾವ ಸುಳ್ಳನ್ನೂ ನಾನು ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ. ನಿಮಗೆ ಅದು ಗೊತ್ತಿತ್ತು.

ಡಿಸೆಂಬರಿನ ಮೊದಲ ವಾರ ಬಸುರಿ ಮಂಗಲಳ ಕುಬಸದ ಶಾಸ್ತ್ರಕ್ಕೆ ಹಸಿರು ಸೀರೆ ತರಲು ನಾನು ನಿಪ್ಪಾಣಿಗೆ ಹೋದೆ. ನೀವು ಬೆಳಿಗ್ಗೆಯೇ ಸೀಟಿನ ಕವರು ಹೊಲಿಸಲು ಸಾಂಗಲಿಗೆ ಹೋಗಿದ್ದಿರಿ, ಹಾಗೆಂದು ಹೇಳಿ ಹೋಗಿದ್ದಿರಿ. ಸೀರೆ ಕೊಂಡು ಬಸ್ ಸ್ಟ್ಯಾಂಡಿಗೆ ಬರುವಾಗ ಒಂದು ಓಣಿಯಲ್ಲಿ ನಮ್ಮ ಗಾಡಿ ನಿಂತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಸ್ಸಿನ ನೂಕುನುಗ್ಗಲು ತಪ್ಪಿತು, ಮುಂದಿನ ಸೀಟಿನಲ್ಲಿ ಕೂತು ಊರಿಗೆ ಹೋಗಬಹುದು ಎಂದು ಓಡುವ ಹಾಗೆ ಹೋದೆ. ಎದುರಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಗೂಟಕ್ಕೆ ನಿಮ್ಮ ಟೋಪಿ. ನಡುಮನೆಯಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಕೂಸು, ತೂಗುತ್ತ ಕೂತ ಒಬ್ಬಳು ಎಳೆಯ ಹೆಣ್ಣುಮಗಳು. ತೊಟ್ಟಿಲಿನ ಬಣ್ಣ ಹಸಿರೂ ಅಲ್ಲ, ನೀಲಿಯೂ ಅಲ್ಲ.

ಒಮ್ಮೆ ತೊಟ್ಟಿಲನ್ನು ನೋಡಿದೆ, ಒಮ್ಮೆ ಗಾಡಿಯನ್ನು ನೋಡಿದೆ. ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ, ತಿಳಿಯಲಿಲ್ಲ. ತಲೆಕಡೆಯ ಪಟ್ಟಿಯ ಮೇಲೆ ಹೆಸರೇನೂ ಕಾಣಲಿಲ್ಲ, ನುಣ್ಣಗಿತ್ತು. ಹಾಗಾಗಿ ಅದು ಬೇರೆ ತೊಟ್ಟಿಲು, ಮಿಕ್ಕಿದ ಬಣ್ಣವನ್ನು ಯಾರಿಗೋ ಕೊಟ್ಟಿದ್ದೆ, ಟೋಪಿ ಬೇರೆಯವರದು ಎಂದು ನೀವು ಹೇಳಬಹುದು. ನಾನು ಬೀದಿಯಿಂದಲೇ ತಿರುಗಿ ಬಸ್ಸು ಹತ್ತಿದೆ.

ಆ ಸಂಜೆ ಹೊತ್ತಿರುವಾಗಲೇ ನೀವು ಊಟಕ್ಕೆ ಬಂದಿರಿ. ಸಾಂಗಲಿಯ ದರ್ಜಿ ಸಿಗಲಿಲ್ಲ ಎಂದಿರಿ. ನಾನು ಬಿಸಿ ರೊಟ್ಟಿ ಹಾಕಿದೆ. ಹದಿನೈದು ದಿನ ಬಾಯಿ ಬಿಡದೆ ಕುಬಸ ಮುಗಿಸಿದೆ. ನಾವಿಬ್ಬರೂ ಜೋಡಿಯಾಗಿ ಮಗಳಿಗೆ ಅಕ್ಷತೆ ಹಾಕಿದೆವು, ಬೀಗರು ನಮ್ಮ ಗಾಡಿಯನ್ನು ಸುತ್ತು ಹಾಕಿ ಹೊಗಳಿದರು, ನೀವು "ಬಣ್ಣ ನಮ್ಮ ಮನಿಯಾಕಿದು" ಎಂದು ನಕ್ಕಿರಿ. ಆಗ ಮಾತ್ರ ಒಳಗೆ ಹೋಗಿ ಅತ್ತೆ. ಮರುದಿನ, ರಾಯಬಾಗದ ಡಾಕ್ಟರಮ್ಮ ಹತ್ತಿರವಾಗುತ್ತಾರೆ ಎಂಬ ನೆಪ ಹೇಳಿ ಮಂಗಲಳನ್ನು ಕರೆದುಕೊಂಡು ಇಲ್ಲಿಗೆ ಬಂದೆ. ನೀವು ಬಸ್ಸಿಗೆ ಕೂಡಿಸಿ ಕೈಬೀಸಿದಿರಿ.

ನಾನು ಸದಲಗಾಕ್ಕೆ ಮರಳಿ ಬರುವುದಿಲ್ಲ. ಮಂಗಲಳಿಗೆ ಇನ್ನೂ ಏನೂ ಹೇಳಿಲ್ಲ, ಬಾಣಂತನ ಮುಗಿಯುವವರೆಗೆ ಹೇಳುವುದೂ ಇಲ್ಲ. ನಾಮಕರಣಕ್ಕೆ ಅಜ್ಜನಾಗಿ ಬನ್ನಿ, ಪಂಕ್ತಿಯಲ್ಲಿ ಕೂತು ಊಟಮಾಡಿ, ಹೊತ್ತು ಮುಳುಗುವ ಮುಂಚೆ ಹೊರಡಿ. ಇಲ್ಲಿಯ ಬಡಿಗ ಲಗಮಪ್ಪ ಹೊಸ ತೊಟ್ಟಿಲು ಕೆತ್ತುತ್ತಿದ್ದಾನೆ. ಅದಕ್ಕೆ ಎಣ್ಣೆಯನ್ನಷ್ಟೇ ಒರೆಸಬೇಕು, ಬೇರೇನೂ ಹಚ್ಚಬಾರದೆಂದು ಹೇಳಿದ್ದೇನೆ.

ಅಳತೆ ಕಳಿಸುವುದಿಲ್ಲ. ಮಡ್‌ಗಾರ್ಡಿಗೆ ಅಂಗಡಿಯವನು ಕೊಟ್ಟ ಬಣ್ಣವನ್ನೇ ಹೊಡೆಸಿ. ನೋಡಿದವರು ಕೇಳಿದರೆ ಏನು ಹೇಳಬೇಕೋ ನೀವೇ ಯೋಚಿಸಿಕೊಳ್ಳಿ, ಅದರಲ್ಲಿ ನೀವು ಜಾಣರು.

ಮಂಗಲಳ ಅವ್ವ,
ಅಕ್ಕುತಾಯಿ

ತಾ.ಕ.: ಬೀದಿಯಿಂದಲೇ ತಿರುಗಿ ಬಂದೆ ಎಂದು ಮೇಲೆ ಬರೆದದ್ದು ಸುಳ್ಳು. ಕುಡಿಯಲು ನೀರು ಕೇಳಿಕೊಂಡು ನಾನು ಒಳಗೆ ಹೋದೆ. ಆ ಹುಡುಗಿ ಸೋನಾಬಾಯಿ ಒಳ್ಳೆಯವಳು. ಕೂಡಲು ಮಣೆ ಕೊಟ್ಟಳು. "ಮೆಲ್ಲಕ ಮಾತಾಡೂಣ್ರಿ ಅಕ್ಕಾರ, ನಮ್ಮವರು ಮಲ್ಕೊಂಡಾರ" ಎಂದಳು. ಒಳಕೋಣೆಯಿಂದ ನಿಮ್ಮ ಗೊರಕೆ ಕೇಳುತ್ತಿತ್ತು. ನಾನೂ ಮೆಲ್ಲಗೇ ಮಾತಾಡಿದೆ. ಹೊಸ ತೊಟ್ಟಿಲು ತಂದು ಅವರೇ ಕೈಯಾರೆ ಬಣ್ಣ ಹಚ್ಚಿದ್ದಾರೆಂದಳು. ಅವರ ಮೊದಲಿನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ ಎಂದಳು. ನನ್ನ ಹೆಸರು ಕೇಳಿದಳು. ಅಕ್ಕುತಾಯಿ, ಊರು ಪಾಲಬಾವಿ ಎಂದೆ. ಅವಳಿಗೆ ಏನೂ ಅನ್ನಿಸಲಿಲ್ಲ.

ತೊಟ್ಟಿಲು ತೂಗುವ ನೆಪದಲ್ಲಿ ಅಂಗೈ ಮೇಲೆ ಸೆರಗು ಹಾಕಿಕೊಂಡು ತಲೆಕಡೆಯ ಪಟ್ಟಿಯನ್ನು ಸವರಿದೆ. ತಗ್ಗು ಮುಚ್ಚಲು ನೀವು ಮೆತ್ತಿದ ಪುಟ್ಟಿ ಒಣಗಿ ಕುಗ್ಗಿದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ನನ್ನ ಹೆಸರಿನ ಒಂದೊಂದು ಅಕ್ಷರವೂ ಕೈಗೆ ಸಿಕ್ಕಿತು.

ಕೂಸಿಗೆ ಹಲ್ಲು ಬರುತ್ತಿದ್ದವು. ಎದ್ದು ಕೂತು ತೊಟ್ಟಿಲಿನ ಅಂಚನ್ನು ಕಡಿಯುತ್ತಿತ್ತು, ಅದರ ತುಟಿಗೆ ನಮ್ಮ ಗಾಡಿಯ ಬಣ್ಣ ಹತ್ತಿತ್ತು. ಸೆರಗಿನಿಂದ ಒರೆಸಿ ಎದ್ದು ಬಂದೆ. ಮಲಕಾರಿ ಹೇಳುತ್ತಿದ್ದ ಮಾತು ಆಗಲೇ ನೆನಪಿಗೆ ಬಂದಿತ್ತು, ಆದರೂ ಹೊಟ್ಟೆಯುರಿಯಿಂದ ಎರಡೂವರೆ ತಿಂಗಳು ಸುಮ್ಮನೆ ಕುಳಿತೆ. ಆ ಪಾಪ ನನ್ನದು, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಈ ಕಾಗದ ಮುಟ್ಟಿದ ದಿನವೇ ನಿಪ್ಪಾಣಿಗೆ ಹೋಗಿ ಆ ಬಣ್ಣ ಕೆರೆದು ತೆಗೆಯಿರಿ. ಕೂಸನ್ನು ಬೇರೆ ಮನೆಗೆ ಕಳಿಸಿ, ನೀರು ಹಚ್ಚಿಯೇ ಉಜ್ಜಿರಿ, ಒಣದಾಗಿ ಉಜ್ಜಿದರೆ ಪುಡಿ ಏಳುತ್ತದೆ. ತಲೆಕಡೆಯ ಪುಟ್ಟಿಯನ್ನೂ ಬಿಡಬೇಡಿ, ಕೂಸು ಹೆಚ್ಚು ಕಡಿಯುವುದು ಅಲ್ಲೇ. ಸೋನಾಬಾಯಿಗೆ ಕನ್ನಡ ಓದಲು ಬರುತ್ತದೆ, ನಾನು ಕೇಳಿಕೊಂಡು ಬಂದಿದ್ದೇನೆ. ನಿಮಗೆ ಎಂಟು ದಿನ ಕೊಡುತ್ತೇನೆ. ಅಷ್ಟರಲ್ಲಿ ನೀವು ಕೆರೆಯದಿದ್ದರೆ ವಾಟರ್ ಪೇಪರ್ ತೆಗೆದುಕೊಂಡು ನಾನೇ ಹೋಗುತ್ತೇನೆ.